ಅದಲ್ಲ, ನಿಜವಾದ ಟೀಮ್ ಯಾವುದು?

ಈ ಪ್ರಶ್ನೆ ಎರಡು ಕಂತಿನಲ್ಲಿ ಬರುತ್ತದೆ. ಮೊದಲನೆಯದು: "ಫುಟ್‌ಬಾಲ್ ನೋಡ್ತೀರಾ? ಯಾವ ಟೀಮು?" ನಾನು "ಬೆಂಗಳೂರು ಎಫ್‌ಸಿ" ಅನ್ನುತ್ತೇನೆ. ಕೇಳಿದವರು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ, ನನ್ನ ಮಾತು ಇನ್ನೂ ಬಾಕಿ ಇದೆಯೇನೋ ಎಂಬಂತೆ. ಆಮೇಲೆ ಎರಡನೇ ಕಂತು: "ಅದಲ್ಲ, ನಿಜವಾದ ಟೀಮ್ ಯಾವುದು?"

ಹತ್ತು ವರ್ಷಕ್ಕೂ ಮೇಲಾಯಿತು, ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಓದಲು ಕೊಡುತ್ತೇನೆ. ನನ್ನ ನಿಜವಾದ ಟೀಮ್ 2013-14ರಲ್ಲಿ ಐ-ಲೀಗ್, ಅಂದರೆ ಆಗಿನ ದೇಶದ ಅತಿ ದೊಡ್ಡ ಫುಟ್‌ಬಾಲ್ ಲೀಗ್, ಗೆದ್ದ ಟೀಮು. ಅದರ ಹಿಂದೆ ಬಚ್ಚಿಟ್ಟ ಇನ್ನೊಂದು ಹೆಸರಿಲ್ಲ. ಬಾರ್ಸಿಲೋನಾ ಇಲ್ಲ, ಲಿವರ್‌ಪೂಲ್ ಇಲ್ಲ, ರಾತ್ರಿ ಒಂದೂವರೆಗೆ ಅಲಾರಂ ಇಟ್ಟು ಎದ್ದು ನೋಡುವ ಯಾವುದೂ ಇಲ್ಲ.

ಈ ಪ್ರಶ್ನೆ ನನ್ನ ತಲೆ ಕೆಡಿಸಿದ್ದು ಒಂದು ಮದುವೆ ಮನೆಯಲ್ಲಿ. ಊಟಕ್ಕೆ ಕೂತಿದ್ದೆವು, ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ನೆಂಟರ ಪೈಕಿ ಒಬ್ಬರು, ಮ್ಯಾಂಚೆಸ್ಟರ್ ಯುನೈಟೆಡ್ ಅಂದರೆ ಪ್ರಾಣ ಬಿಡುವವರು. ಮೊದಲ ಕಂತು ಬಂತು, ಉತ್ತರ ಕೊಟ್ಟೆ. ಎರಡನೇ ಕಂತು ಬಂತು, ಅದೇ ಉತ್ತರ ಕೊಟ್ಟೆ. ಅವರು ನಕ್ಕು, ಎದುರು ಸಾಲಿನವರಿಗೂ ಕೇಳುವಂತೆ ಅಂದರು: "ಅಯ್ಯೋ, ಅದು ಲೋಕಲ್ ಟೀಮ್ ಕಣ್ರೀ!"

ಲೋಕಲ್. ಈ ಪದ ನಮ್ಮೂರಲ್ಲಿ ಏನಾಗಿದೆ ನೋಡಿ. ಎರಡು ವಾರಕ್ಕೆ ಕೆಟ್ಟುಹೋದ ಚಾರ್ಜರ್ ಲೋಕಲ್. ಸೋರುವ ನಲ್ಲಿ ಲೋಕಲ್. ಅಂಗಡಿಯವನೇ "ಇದು ಕಂಪನಿದು ಸರ್, ಅದು ಲೋಕಲ್ಲು" ಅಂತ ಕಣ್ಣು ಕಿರಿದು ಮಾಡಿ ಹೇಳುತ್ತಾನೆ. ಊರಿನದು ಅನ್ನಬೇಕಾದ ಪದ ಕಳಪೆ ಅನ್ನುವ ಜಾಗದಲ್ಲಿ ಹೋಗಿ ಕೂತಿದೆ. ಮ್ಯಾಂಚೆಸ್ಟರಿನಲ್ಲಿ ಹುಟ್ಟಿ ಅಜ್ಜನ ಕೈ ಹಿಡಿದು ಓಲ್ಡ್ ಟ್ರಾಫರ್ಡ್‌ಗೆ ಹೋಗುವ ಹುಡುಗನಿಗೂ ಆ ತಂಡ ಲೋಕಲ್ಲೇ ಅಲ್ಲವೇ? ಅಲ್ಲಿ ಅದು ಹೆಮ್ಮೆ. ಇಲ್ಲಿ ನಾನು ಅಶೋಕನಗರದ ಸ್ಟೇಡಿಯಂಗೆ ಬಸ್ಸಿನಲ್ಲಿ ಹೋಗಿ ನೋಡಿದರೆ ಹೋಳಿಗೆ ಪಂಕ್ತಿಯಲ್ಲಿ ನಗೆಪಾಟಲು.

ಅವತ್ತು ಆ ಗದ್ದಲದಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ನಮ್ಮ ಆಗಿನ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಆಟ ಕಲಿತಿದ್ದೇ ನಿಮ್ಮ ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ. ಅಲ್ಲಿಂದ ಹೊರಟ ಮನುಷ್ಯ ಎಲ್ಲೆಲ್ಲೋ ಆಡಿ, ಕೊನೆಗೆ ನಮ್ಮ ಗರುಡಾ ಮಾಲ್ ಹತ್ತಿರದ ಪುಟ್ಟ ಸ್ಟೇಡಿಯಂಗೆ ಬಂದು ಒಂದು ಕಪ್ ಗೆಲ್ಲಿಸಿಕೊಟ್ಟರು. ಹಾಗಿದ್ದ ಮೇಲೆ ನಾನು ಅಷ್ಟು ದೂರ ಯಾಕೆ ಹೋಗಲಿ?

ಇನ್ನೊಂದು ಮಾತೂ ಬರುತ್ತದೆ, ಅದನ್ನೂ ಮುಗಿಸಿಬಿಡುತ್ತೇನೆ. "ಕಂಪನಿ ದುಡ್ಡಿನ ಟೀಮು, ನೇರ ಎಂಟ್ರಿ, ದುಡ್ಡಿದ್ರೆ ಯಾರು ಬೇಕಾದ್ರೂ ಗೆಲ್ತಾರೆ." ಹೌದು, ತಂಡ ಉಕ್ಕಿನ ಕಂಪನಿ ಜೆಎಸ್‌ಡಬ್ಲ್ಯುದು. ಹೌದು, ಎರಡನೇ ಡಿವಿಷನ್ ಆಡದೆ ನೇರವಾಗಿ ಐ-ಲೀಗ್‌ಗೆ ಬಂತು. 2013ರ ಜುಲೈನಲ್ಲಿ ಕ್ಲಬ್ಬಿಗೆ ಹೆಸರಿಟ್ಟರು, ಸೆಪ್ಟೆಂಬರ್‌ನಲ್ಲಿ ಆಟ ಶುರು. ಎರಡು ತಿಂಗಳು! ಮನೆ ಬಾಡಿಗೆಗೆ ಹಿಡಿದು ಗ್ಯಾಸ್ ಕನೆಕ್ಷನ್ ಬರುವಷ್ಟರಲ್ಲಿ ಎರಡು ತಿಂಗಳು ಕಳೆದುಹೋಗುತ್ತದೆ ನಮಗೆ. ಸುನಿಲ್ ಛೆಟ್ರಿ ಪೋರ್ಚುಗಲ್‌ಗೆ ಹೋಗಿ ಸ್ಪೋರ್ಟಿಂಗ್‌ನ ಬಿ ತಂಡದಲ್ಲಿ ಹೆಚ್ಚು ಆಡಲು ಸಿಗದೆ ವಾಪಸಾಗಿದ್ದ ಕಾಲ ಅದು. ಜಾನ್ ಜಾನ್ಸನ್ ಇಂಗ್ಲೆಂಡಿನವರು, ಕರ್ಟಿಸ್ ಒಸಾನೊ ಕೀನ್ಯಾದವರು, ಶಾನ್ ರೂನಿ ಆಸ್ಟ್ರೇಲಿಯಾದವರು, ಜಾನಿ ಮೆನ್ಯೊಂಗಾರ್ ಲೈಬೀರಿಯಾದವರು. ಕೇರಳದ ರಿನೊ ಆ್ಯಂಟೊ, ಗೋಲಿನಲ್ಲಿ ಪವನ್ ಕುಮಾರ್, ನಮ್ಮೂರಿನವರೇ ಆದ ಶಂಕರ್ ಸಂಪಂಗಿರಾಜ್. ಪರಸ್ಪರ ಪರಿಚಯವೇ ಇಲ್ಲದ ಇಷ್ಟು ಜನ 24 ಪಂದ್ಯ ಆಡಿ 47 ಅಂಕ ತೆಗೆದರು. ಎರಡನೇ ಸ್ಥಾನದ ಈಸ್ಟ್ ಬೆಂಗಾಲ್ 43ಕ್ಕೆ ನಿಂತಿತು. ಛೆಟ್ರಿ ಒಬ್ಬರೇ 14 ಗೋಲು, ಆ ವರ್ಷ ಭಾರತೀಯರಲ್ಲಿ ಅವರದ್ದೇ ಹೆಚ್ಚು. ದುಡ್ಡು ಬಸ್ಸು ಹೋಟೆಲು ಕೊಡಿಸುತ್ತದೆ. ಇಂಜುರಿ ಟೈಮಿನಲ್ಲಿ ವಾಪಸ್ ಓಡುವ ಕಾಲನ್ನು ಯಾವ ದುಡ್ಡೂ ಕೊಡಿಸುವುದಿಲ್ಲ.

ಇಷ್ಟಕ್ಕೂ ಆ ಪ್ರಶ್ನೆಯಲ್ಲಿ ನನಗೆ ಹಿಡಿಸದಿರುವುದು ಯಾವುದು ಗೊತ್ತೇ? "ಯಾವುದು" ಎಂಬ ಪದವೇ. ಅಂಗಡಿಯಲ್ಲಿ ಸಾಬೂನು ಆರಿಸಿದಂತೆ. ಯಾರೂ ನನ್ನನ್ನು "ಎಲ್ಲಿ ಕೂತಿದ್ದೆ?" ಅಂತ ಕೇಳುವುದಿಲ್ಲ. ಆ ವರ್ಷದ ಕಥೆಯೆಲ್ಲ ಇರುವುದು ಅದರಲ್ಲೇ. ಆದ್ದರಿಂದ ನಾನೇ ಕೇಳಿಕೊಂಡು ನಾನೇ ಹೇಳುತ್ತೇನೆ.

ಕೂತಿದ್ದು ನಮ್ಮ ಸೋದರಮಾವನ ಪಕ್ಕ.

ಮಾವ ಎಪ್ಪತ್ತರ ದಶಕದಲ್ಲಿ ಒಂದು ಕಾರ್ಖಾನೆ ತಂಡಕ್ಕೆ ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್, ಆಗಿ ಆಡುತ್ತಿದ್ದವರು. ಇದೇ ಅಶೋಕನಗರದ ಮೈದಾನದಲ್ಲಿ, ಹುಲ್ಲಿಗಿಂತ ಮಣ್ಣೇ ಜಾಸ್ತಿ ಇದ್ದ ದಿನಗಳಲ್ಲಿ. ಆಮೇಲೆ ಮಂಡಿ ಕೈಕೊಟ್ಟಿತು, ಆಟ ನಿಂತಿತು. ನೋಡುವುದನ್ನೂ ನಿಲ್ಲಿಸಿದ್ದರು. 2013ರ ಸೆಪ್ಟೆಂಬರ್ 22, ಭಾನುವಾರ, ಮೋಹನ್ ಬಾಗನ್ ವಿರುದ್ಧ ಬಿಎಫ್‌ಸಿಯ ಮೊಟ್ಟಮೊದಲ ಪಂದ್ಯ. "ಬನ್ನಿ ಮಾವ" ಅಂದರೆ "ಕಲ್ಕತ್ತದವರು ಬಂದಿದ್ದಾರಾ? ಹಾಗಿದ್ರೆ ನಡಿ" ಅಂದರು. ಅವರಿಗೆ ಬೆಂಗಳೂರು ಎಫ್‌ಸಿ ಅಂದರೆ ಏನೂ ಅಲ್ಲ ಆಗ. ಮೋಹನ್ ಬಾಗನ್ ಅಂದರೆ ಮರ್ಯಾದೆ.

ಹೋಗಿ ಅವರು ಆರಿಸಿಕೊಂಡ ಜಾಗ ವೆಸ್ಟ್ ಬ್ಲಾಕಿನ, ಅಂದರೆ ಪಶ್ಚಿಮದ ಮೆಟ್ಟಿಲುಗಳ, ಎದುರು ಬದಿ, ಮಧ್ಯಗೆರೆಯ ನೇರಕ್ಕೆ. ಪೇಪರ್ ಹಾಸಿ, ಕಡಲೆಕಾಯಿ ಪೊಟ್ಟಣ ಬಿಚ್ಚಿ ಕೂತರು. ವೆಸ್ಟ್ ಬ್ಲಾಕಿನಲ್ಲಿ ನೀಲಿ ಅಂಗಿಯ ಹುಡುಗ ಹುಡುಗಿಯರು ಡ್ರಮ್ ಬಡಿಯುತ್ತ ಕುಣಿಯುತ್ತಿದ್ದರು. ಅವರೇ ಮುಂದೆ ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಹೆಸರಾದವರು. ಮಾವನಿಗೆ ಅದು ಒಂಚೂರೂ ಸೇರಲಿಲ್ಲ. "ಆಟ ನೋಡೋಕೆ ಬಂದಿದಾರೋ, ಗಣೇಶನ್ನ ಬಿಡೋಕೆ ಬಂದಿದಾರೋ?" ಕೃತಕ ಹುಲ್ಲೂ ಸೇರಲಿಲ್ಲ. ಚೆಂಡು ಬಿದ್ದಾಗಲೆಲ್ಲ ಕರಿ ರಬ್ಬರ್ ಚೂರು ಪುಟಿಯುವುದನ್ನು ನೋಡಿ ಮುಖ ಸಿಂಡರಿಸುತ್ತಿದ್ದರು. ಶಾನ್ ರೂನಿ ಕ್ಲಬ್ಬಿನ ಚರಿತ್ರೆಯ ಮೊದಲ ಗೋಲು ಹೊಡೆದಾಗ ಇಡೀ ಸ್ಟೇಡಿಯಂ ಎದ್ದಿತು, ಮಾವ ಕೂತೇ ಇದ್ದರು. ಪಂದ್ಯ 1-1. ಹೊರಗೆ ಬರುವಾಗ "ಪರವಾಗಿಲ್ಲ" ಅಂದರು. ಅವರ ನಿಘಂಟಿನಲ್ಲಿ ಅದು ದೊಡ್ಡ ಮಾತು.

ಆಮೇಲೆ ಪ್ರತಿ ಮನೆ ಪಂದ್ಯಕ್ಕೂ ಅವರೇ ಫೋನ್ ಮಾಡತೊಡಗಿದರು. ಅದೇ ಜಾಗ, ಅದೇ ಪೇಪರು. ಅರ್ಧ ಆಟ ನೋಡುತ್ತಿದ್ದೆವು, ಇನ್ನರ್ಧ ಅವರ ಮಾತು ಕೇಳುತ್ತಿದ್ದೆ. 1937ರಲ್ಲಿ ಬೆಂಗಳೂರ್ ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದದ್ದು, ಮುಂದಿನ ವರ್ಷ ಮತ್ತೆ ಗೆದ್ದದ್ದು. 1946-47ರಲ್ಲಿ ಮೈಸೂರು ಸಂಸ್ಥಾನದ ತಂಡ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಎತ್ತಿದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 2-1ರಿಂದ ಸೋತ ಪಂದ್ಯದಲ್ಲಿ ನಮ್ಮ ಒಂದೇ ಗೋಲು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು, ಹೊಡೆದದ್ದು ಬೆಂಗಳೂರಿನ ಎಸ್. ರಾಮನ್. ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಈಸ್ಟ್ ಬೆಂಗಾಲ್‌ನ ಪಂಚಪಾಂಡವರು ಅಂತ ಹೆಸರಾದ ಐವರಲ್ಲಿ ಒಬ್ಬರಾದ ಅಹ್ಮದ್ ಖಾನ್ ನಮ್ಮೂರಿನವರು. ಇದೆಲ್ಲ ನನಗೆ ಯಾವ ಶಾಲೆಯಲ್ಲೂ ಹೇಳಿಕೊಟ್ಟಿರಲಿಲ್ಲ. ಈ ಊರು ಎಷ್ಟೋ ವರ್ಷ ಆಟಗಾರರನ್ನು ಬೆಳೆಸಿ ಕಲ್ಕತ್ತಕ್ಕೆ ಕಳಿಸುತ್ತಿತ್ತು. ಎಚ್‌ಎಎಲ್ ತಂಡ ಐ-ಲೀಗ್‌ಗೆ ಏರಿ ಮತ್ತೆ ಇಳಿದಿತ್ತು. ಗೌತಮಪುರ, ಆಸ್ಟಿನ್ ಟೌನಿನ ಹುಡುಗರು ಆಡುತ್ತಲೇ ಇದ್ದರು. ಊರಿನ ಹೆಸರು ಎದೆಯ ಮೇಲೆ ಹೊತ್ತು ದೇಶದ ಲೀಗ್ ಗೆಲ್ಲುವ ಒಂದು ತಂಡ ಮಾತ್ರ ಇರಲಿಲ್ಲ.

ಸೀಸನ್ನಿನ ಎರಡನೇ ಅರ್ಧದಲ್ಲಿ ಒಂದು ದಿನ, ಪಂದ್ಯ ಬಿಗಿಯಾಗಿತ್ತು. ನಮ್ಮ ಕಡೆಯ ಗೆರೆಗುಂಟ ಆಡುತ್ತಿದ್ದ ನಮ್ಮ ಆಟಗಾರ ಮುಂದಕ್ಕೆ ಹೋಗಿದ್ದವನು ಬೆನ್ನ ಹಿಂದೆ ಜಾಗ ಖಾಲಿ ಬಿಟ್ಟಿದ್ದ. ಎದುರಾಳಿ ವಿಂಗರ್ ಮೆಲ್ಲಗೆ ಅಲ್ಲಿಗೆ ಜಾರುತ್ತಿದ್ದ. ಮಾವ ಇದ್ದಕ್ಕಿದ್ದಂತೆ ಎದ್ದು, ಕಡಲೆಕಾಯಿ ಎಲ್ಲ ಚೆಲ್ಲಿ, "ಹಿಂದೆ! ಹಿಂದೆ! ಬ್ಯಾಕ್!" ಅಂತ ಚೀರಿದರು. ಆ ಹುಡುಗ ತಿರುಗಿ ನೋಡಿದ. ವಿಂಗರ್‌ನನ್ನು ಕಂಡ, ಓಡಿದ, ಚೆಂಡನ್ನು ಹೊರಗೆ ತಳ್ಳಿದ. ಥ್ರೋ ಆಗುವ ಮೊದಲು ನಮ್ಮ ಕಡೆ ಒಮ್ಮೆ ಹೆಬ್ಬೆರಳು ಎತ್ತಿದ.

ಮಾವ ನನ್ನ ತೋಳು ಹಿಡಿದುಕೊಂಡರು. "ಕೇಳಿಸ್ತು ಕಣೋ ಅವನಿಗೆ!"

ಎಂಟು ಸಾವಿರ ಚಿಲ್ಲರೆ ಜನ ಹಿಡಿಸುವ ಸ್ಟೇಡಿಯಂ ಅದು. ಗೆರೆಗೂ ಮೆಟ್ಟಿಲಿಗೂ ನಡುವೆ ಓಟದ ಟ್ರ್ಯಾಕ್ ಇಲ್ಲ. ಜಾನ್ಸನ್ ತನ್ನ ಡಿಫೆಂಡರುಗಳ ಮೇಲೆ ಕೂಗುವುದು ನಮಗೆ ಕೇಳುತ್ತಿತ್ತು, ನಾವು ಕೂಗುವುದು ಅವರಿಗೆ ಕೇಳುತ್ತಿತ್ತು. ನಿಜವಾದ ಟೀಮ್ ಯಾವುದು ಅಂತೀರಲ್ಲ, ನನ್ನ ಮಟ್ಟಿಗೆ ಅದು ಇದು: ನನ್ನ ಧ್ವನಿ ತಲುಪುವಷ್ಟು ದೂರದಲ್ಲಿ ಆಡುವ ತಂಡ. ಟಿವಿಯೊಳಗೆ ಕೈ ಹಾಕಿ ಯಾರನ್ನು ಹಿಂದಕ್ಕೆ ಕರೆಯುತ್ತೀರಿ ನೀವು?

ಮುಂದಿನ ಪಂದ್ಯಕ್ಕೆ ಗೇಟು ದಾಟಿದ ಮೇಲೆ ಮಾವ ಎಂದಿನ ಕಡೆ ತಿರುಗಲಿಲ್ಲ. "ಒಬ್ಬ ಕೂಗಿದ್ರೇ ಕೇಳಿಸುತ್ತೆ ಅಂದ್ರೆ, ಎಲ್ಲಾ ಸೇರಿ ಕೂಗಿದ್ರೆ?" ಅಂತ ಹೇಳಿ ಸೀದಾ ವೆಸ್ಟ್ ಬ್ಲಾಕ್ ಮೆಟ್ಟಿಲು ಹತ್ತಿದರು. ಮಂಡಿ ನೋವಿನವರು, ಒಂದೊಂದೇ ಮೆಟ್ಟಿಲು. ಡ್ರಮ್ ಬಡಿಯುವ ಹುಡುಗ ಸರಿದು ಜಾಗ ಮಾಡಿಕೊಟ್ಟ. ಮುಂದಿನ ತೊಂಬತ್ತು ನಿಮಿಷ ಆ ಹುಡುಗನ ಕಿವಿಯಲ್ಲಿ ರೈಟ್ ಬ್ಯಾಕ್ ಎಲ್ಲಿ ನಿಲ್ಲಬೇಕು ಎಂಬ ಪಾಠ. ಪಂದ್ಯ ಮುಗಿದು ಆಟಗಾರರು ಮೆಟ್ಟಿಲ ಬುಡಕ್ಕೆ ಬಂದು ತಲೆಯ ಮೇಲೆ ಚಪ್ಪಾಳೆ ತಟ್ಟಿದಾಗ ಮಾವ ತಾವೂ ಕೈ ಮೇಲೆತ್ತಿ ತಟ್ಟಿದರು, ಒಬ್ಬ ಆಟಗಾರ ಇನ್ನೊಬ್ಬನಿಗೆ ತಟ್ಟುವ ಹಾಗೆ.

ಮುಂದಿನ ಸೀಸನ್ನಿಗೆ ತಂಡ ಕಂಠೀರವಕ್ಕೆ ಹೋಯಿತು. ಅಲ್ಲೂ ಹೋದೆವು. 2015-16ರಲ್ಲಿ ಮತ್ತೆ ಐ-ಲೀಗ್ ಬಂತು, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ನಮ್ಮದಾಯಿತು, 2018-19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕೂಡ ಬಂತು. ಒಂದೊಂದಕ್ಕೂ ಗಂಟಲು ಹರಿದುಕೊಂಡಿದ್ದೇನೆ. ಆದರೆ ಕಂಠೀರವದಲ್ಲಿ ನಮ್ಮ ಮತ್ತು ಆಟದ ನಡುವೆ ಓಟದ ಟ್ರ್ಯಾಕ್ ಇದೆ. ಮಾವ ಅಲ್ಲಿ ಎದ್ದು ಒಬ್ಬರೇ ಕೂಗಿದ್ದನ್ನು ನಾನು ನೋಡಲಿಲ್ಲ.

ಕಪ್ ಗೆದ್ದದ್ದು 2014ರ ಏಪ್ರಿಲ್ 21, ಸೋಮವಾರ, ಮಡಗಾಂವ್‌ನ ಫಾತೋರ್ಡಾದಲ್ಲಿ, ಡೆಂಪೊ ವಿರುದ್ಧ. ಐ-ಲೀಗ್ ಅಂತ ಹೆಸರು ಬಂದಮೇಲೆ ಅಲ್ಲಿಯವರೆಗಿನ ಆರು ಸಲವೂ ಚಾಂಪಿಯನ್ ಗೋವಾದ ತಂಡವೇ. ಆ ಆರರಲ್ಲಿ ಮೂರು ಡೆಂಪೊದವು. ಅವರ ಮನೆಗೇ ಹೋಗಿ ತರಬೇಕಿತ್ತು. ನನಗೆ ರಜೆ ಸಿಗಲಿಲ್ಲ, ಮಾವನ ಮಂಡಿ ಬಸ್ ಪ್ರಯಾಣಕ್ಕೆ ಒಪ್ಪಲಿಲ್ಲ. ಅವರ ಮನೆಯ ಟಿವಿ ಮುಂದೆ ಕೂತೆವು. ಮೆನ್ಯೊಂಗಾರ್, ರಾಬಿನ್ ಸಿಂಗ್, ಜಾನ್ಸನ್, ಛೆಟ್ರಿ, ನಾಲ್ವರದೂ ಒಂದೊಂದು ಗೋಲು. 4-2. ಮೊದಲ ಸೀಸನ್ನಿನಲ್ಲೇ ದೇಶದ ಚಾಂಪಿಯನ್ನು. ಅತ್ತೆ ಅಡುಗೆಮನೆಯಿಂದ ಓಡಿ ಬಂದು "ಏನಾಯ್ತು, ಯಾರು ಬಿದ್ರು?" ಅಂದರು. ಯಾರೂ ಬಿದ್ದಿರಲಿಲ್ಲ. ಮಾವ ಸೋಫಾ ಮೇಲೆ ನಿಂತಿದ್ದರು.

ಸ್ವಲ್ಪ ಹೊತ್ತು ಸುಮ್ಮನೆ ಟಿವಿ ನೋಡಿ, ಚಪ್ಪಲಿ ಹುಡುಕಿದರು. "ಆಟೋ ಹಿಡಿ."

"ಎಲ್ಲಿಗೆ ಮಾವ? ಟೀಮ್ ಗೋವಾದಲ್ಲಿದೆ."

"ಆಟೋ ಹಿಡಿ ಅಂದೆ."

ಅಶೋಕನಗರದಲ್ಲಿ ಇಳಿದಾಗ ಸ್ಟೇಡಿಯಂ ಗೇಟಿಗೆ ಬೀಗ. ನಮಗಿಂತ ಮುಂಚೆ ಐದಾರು ಜನ ಬಂದು ನಿಂತಿದ್ದರು, ಯಾರೂ ಯಾರಿಗೂ ಹೇಳಿ ಬಂದವರಲ್ಲ. ಇಬ್ಬರು ನೀಲಿ ಅಂಗಿಯಲ್ಲಿ, ಒಬ್ಬರು ಆಫೀಸಿನ ಐಡಿ ಕಾರ್ಡ್ ಕುತ್ತಿಗೆಯಲ್ಲೇ ಬಿಟ್ಟುಕೊಂಡು. ಕಾವಲಿನವರು ಒಳಗಿಂದ ಬಂದು "ಇವತ್ತು ಇಲ್ಲಿ ಮ್ಯಾಚ್ ಇಲ್ಲ ಸರ್" ಅಂದರು.

"ಗೊತ್ತು ಗೊತ್ತು" ಅಂದರು ಮಾವ. ಗೇಟಿನ ಸರಳಿಗೆ ಮುಖ ಒತ್ತಿ, ಕತ್ತಲಲ್ಲಿ ಮಲಗಿದ್ದ ಪಶ್ಚಿಮದ ಮೆಟ್ಟಿಲುಗಳ ಕಡೆ ಕೈ ತೋರಿಸಿದರು. "ನಾನು ಕೂತ್ಕೊಳ್ಳೋದು ಅಲ್ಲಿ. ಆ ಡ್ರಮ್ಮಿನ ಹುಡುಗ ಇರ್ತಾನಲ್ಲ, ಅವನ ಪಕ್ಕ."