ನೊಣವನ್ನು ಕೂಡಿ ಹಾಕುವ ಹೂ

ಉಡುಪಿಯಲ್ಲಿ ಇದ್ದದ್ದು ಮೂರು ದಿನ. ಮಠಕ್ಕೆ ಹೋದೆವು, ಮಲ್ಪೆಯಲ್ಲಿ ಮಳೆ ನೋಡಿದೆವು, ಅಷ್ಟೇ. ಬರೀಬೇಕು ಅನ್ನಿಸಿದ್ದು ಎರಡನೇ ದಿನ ಬೆಳಿಗ್ಗೆ ಮುರಕಲ್ಲಿನ ಪಾದೆ, ಅಂದ್ರೆ ಕೆಂಪು ಜಂಬಿಟ್ಟಿಗೆ ಬಂಡೆಯ ಬಯಲ ಮೇಲೆ ಕಂಡ ಒಂದು ಹೂವಿನ ಬಗ್ಗೆ ಮಾತ್ರ.

ಕರೆದುಕೊಂಡು ಹೋದದ್ದು ದೊಡ್ಡಮ್ಮನ ಮಗಳು, ಕಾಲೇಜಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ಅಕ್ಕ. ಸೆಪ್ಟೆಂಬರ್‌ನಲ್ಲಿ ಪಾದೆಗೆ ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಪಾಚಿಗೆ ಜಾರಿ ನಾನು ಕೂತುಬಿಟ್ಟೆ, ಮೊಣಕಾಲು ಇನ್ನೂ ನೋಯ್ತಿದೆ. ಅಕ್ಕ ನಕ್ಕಿದ್ದು ಅದಕ್ಕಿಂತ ಜಾಸ್ತಿ ನೋವು.

ಪೊದೆ ಸರಿಸಿ "ನೋಡು" ಅಂದಳು. ತೆಳು ಬಳ್ಳಿ. ಗೊಂಚಲು ಕೆಳಗೆ ಇಳಿಬಿದ್ದಿದೆ, ಹೂಗಳು ಮಾತ್ರ ದೀಪದ ಕುಡಿ ಹಾಗೆ ಮೇಲಕ್ಕೆ ನಿಂತಿವೆ. ಸೆರೋಪೀಜಿಯಾ ಕ್ಯಾಂಡಲಾಬ್ರಮ್, ಲಿನೇಯಸ್ 1753ರಲ್ಲಿ ಇಟ್ಟ ಹೆಸರು. ನಮ್ಮ ಎಕ್ಕದ ನೆಂಟ. ಚಂದದ ಹೂ ಅಂತ ನಾನು ಹೇಳಲ್ಲ, ದಾಸವಾಳದ ಎದುರು ಇದೆಲ್ಲಾ ಏನೂ ಅಲ್ಲ. ಆದರೆ ಕೆಲಸ ಮಾತ್ರ ಭಾರಿ.

ವಾಸನೆಗೆ ಸಣ್ಣ ನೊಣ ಬರುತ್ತದೆ, ನುಣುಪಿಗೆ ಜಾರಿ ಕೊಳವೆಯೊಳಗೆ ಬೀಳುತ್ತದೆ. ಒಳಗಿನ ಕೂದಲೆಲ್ಲಾ ಕೆಳಮುಖ, ವಾಪಸ್ ಹತ್ತುವ ಹಾಗಿಲ್ಲ. ಆಮೇಲೆ ಕೂದಲು ಬಾಡುತ್ತದೆ, ಹೂ ವಾಲುತ್ತದೆ, ಬಾಯಿಗೆ ಪರಾಗದ ಗಂಟು ಅಂಟಿಸಿಕೊಂಡ ನೊಣ ಹೊರಗೆ. ಅದೇ ನೊಣ ಇನ್ನೊಂದು ಹೂವಿಗೂ ಬಿದ್ದರೆ ಮಾತ್ರ ಕಾಯಿ. ಎರಡು ಸಲ ಮೋಸ ಹೋಗಬೇಕು, ಅಲ್ವಾ!

"ಹಾಗಾದ್ರೆ ಬೇರೆ ಜಾತಿ ಹೂವಿಗೆ ಬಿದ್ರೆ?" ಅಂದೆ.

"ಮಟ್ಟು ಗುಳ್ಳ ಗೊತ್ತುಂಟಲ್ಲ, ಪಕ್ಕದಲ್ಲಿ ಬೇರೆ ಬದನೆ ಇದ್ರೆ ಬೀಜ ಬೆರಕೆ ಆಗ್ತದೆ. ಇಲ್ಲಿ ಅಷ್ಟು ಸುಲಭ ಇಲ್ಲ ಮಾರಾಯ. ಆ ಗಂಟು ಸಣ್ಣ ಸೀಳಿಗೆ ಬೀಗದ ಕೈ ಹಾಗೆ ಸರಿಯಾಗಿ ಕೂರ್ಬೇಕು."

"ಹಾಗಾದ್ರೆ ಬೆರಕೆ ಆಗೋದೇ ಇಲ್ವಾ?"

"ಸೆರೋಪೀಜಿಯಾ ಸಾಕುವವರ ತೋಟದಲ್ಲಿ ಬೆರಕೆ ತಳಿ ಉಂಟು. ಕಾಡಲ್ಲಿ ಬೆರಕೆ ಆದ್ರೆ ಕಷ್ಟ. ಅಪರೂಪದ್ದು ನಾಲ್ಕು, ನೆಂಟರು ನಾನೂರು ಇದ್ರೆ, ಬೆರೆತು ಬೆರೆತು ಆ ನಾಲ್ಕು ಮುಗಿದೇ ಹೋಗ್ತದೆ." ಸ್ವಲ್ಪ ತಡೆದು, "ಅದಕ್ಕಿಂತ ಮೊದಲು ಕಲ್ಲು ಕೋರೆಯವರು ಮುಗಿಸ್ತಾರೆ ಬಿಡು" ಅಂದಳು. ಕೆಳಗೆ ಕಲ್ಲು ಕೊಯ್ಯುವ ಯಂತ್ರದ ಸದ್ದು ಕೇಳ್ತಾನೇ ಇತ್ತು.

ವಾಲಿದ ಒಂದು ಹೂವಿನ ಮುಂದೆ ಸುಮ್ನೆ ಕುಕ್ಕರುಗಾಲಲ್ಲಿ ಕೂತೆವು. ತುಂಬಾ ಹೊತ್ತಿನ ಮೇಲೆ ಎಳ್ಳಿನಷ್ಟು ದೊಡ್ಡ ನೊಣ ಹೊರಬಂತು, ರೆಕ್ಕೆ ಉಜ್ಜಿಕೊಂಡು ಹಾರಿತು. ಎತ್ತ ಹೋಯ್ತು ಅಂತ ನೋಡುವಷ್ಟರಲ್ಲಿ ಮಳೆ ಬಂತು.