ಮಿಕ್ಸಿ ಜಾರಿನಲ್ಲಿ 1870ರ ಯುದ್ಧ

"ನಿನ್ನ ಮನೇಲಿ ಕಲ್ಲನ್ನೂ ಪುಡಿ ಮಾಡೋ ಇಂಡಿಯನ್ ಮಿಕ್ಸಿ ಇದೆಯಂತಲ್ಲ?" ಅಂತ ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಪಾಪ, ದೋಸೆ ತಿನ್ನುವ ಆಸೆಯಿರಬೇಕು ಅಂದುಕೊಂಡೆ. ಅವರಿಗೆ ಬೇಕಿದ್ದದ್ದು ಒಣಬಟಾಣಿ ಹಿಟ್ಟು. ಅದೂ ಹಳೇ ಜರ್ಮನ್ ರಾಜ್ಯ ಪ್ರಷ್ಯಾದ ಸೈನಿಕರ ಊಟಕ್ಕೆ.

ನಾನಿರುವುದು ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ. ಇವರು ವಾರವೆಲ್ಲ ನನ್ನ ಪಕ್ಕದ ಮೇಜಿನಲ್ಲಿ ಕೂತು ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತಾರೆ. ಬೇಸಿಗೆಯ ವಾರಾಂತ್ಯ ಬಂತೆಂದರೆ ಕಡುನೀಲಿ ಕೋಟು, ನೆತ್ತಿಯ ಮೇಲೆ ಚೂಪು ಮೊಳೆಯಿರುವ ಹೆಲ್ಮೆಟ್ ಹಾಕಿಕೊಂಡು 1870ರ ಸಿಪಾಯಿ ಆಗಿಬಿಡುತ್ತಾರೆ. ಅವರದೊಂದು ಗುಂಪಿದೆ. ಫ್ರಾನ್ಸ್ ಜೊತೆ ನಡೆದ ಆ ಯುದ್ಧದ ಕಾಲದವರ ಹಾಗೆ ಗುಡಾರ ಹಾಕುತ್ತಾರೆ, ಬೆಂಕಿ ಹಚ್ಚುತ್ತಾರೆ, ನೋಡಲು ಬಂದ ಜನರಿಗೆ ವಿವರಿಸುತ್ತಾರೆ. ಗುಂಡಿಯ ಹೊಲಿಗೆ ತಪ್ಪಾದರೂ ಜಗಳ. ಮೀಸೆ ಮಾತ್ರ ವರ್ಷಪೂರ್ತಿ ಅದೇ ಕಾಲದ್ದು.

ಅವರು ಮಾಡಬೇಕೆಂದಿದ್ದ ತಿಂಡಿಯ ಹೆಸರು ಎರ್ಬ್ಸ್‌ವುರ್ಸ್ಟ್. ಬಟಾಣಿ ಸಾಸೇಜ್ ಅಂತ ಅರ್ಥ. ಬಟಾಣಿ ಹಿಟ್ಟು, ದನದ ಕೊಬ್ಬು, ಹಂದಿಯ ಬೇಕನ್, ಈರುಳ್ಳಿ, ಉಪ್ಪು, ಮಸಾಲೆ ಸೇರಿಸಿ ಕೋಲಿನ ಹಾಗೆ ಸುತ್ತಿದ ಗಟ್ಟಿ ಮುದ್ದೆ ಅದು. ಒಂದು ತುಂಡು ಮುರಿದು ನೀರಿಗೆ ಹಾಕಿ ಕುದಿಸಿದರೆ ಸೂಪ್. ಬರ್ಲಿನ್‌ನ ಯೋಹಾನ್ ಹೈನ್ರಿಕ್ ಗ್ರ್ಯೂನೆಬರ್ಗ್ ಎಂಬ ಅಡುಗೆಯವರು 1867ರಲ್ಲಿ ಕಂಡುಹಿಡಿದದ್ದು. ಪ್ರಷ್ಯಾ ಸರ್ಕಾರ ಅದನ್ನು 35,000 ಟಾಲರ್ (ಆಗಿನ ಬೆಳ್ಳಿ ನಾಣ್ಯ) ಕೊಟ್ಟು ಕೊಂಡುಕೊಂಡಿತು. ಯುದ್ಧ ಶುರುವಾದ ಮೇಲೆ ತುಂಬಲು ಪ್ರಾಣಿಯ ಕರುಳು ಸಾಲದೆ, ಪಾರ್ಚ್‌ಮೆಂಟ್ ಕಾಗದದ ಕೊಳವೆಗಳಲ್ಲಿ ತುಂಬಿದರು. 1889ರಿಂದ ನಮ್ಮೂರಿನದೇ ಕ್ನೋರ್ ಕಂಪನಿ ಇದನ್ನು ಮಾಡುತ್ತಿತ್ತು. ಅಂಗಡಿಯಲ್ಲಿ ಸುಮ್ನೆ ಕೊಂಡು ತರಬಹುದಿತ್ತು. ಕೊಳ್ಳುವವರು ಕಡಿಮೆಯಾಗಿ 2018ರ ಕೊನೆಗೆ ನಿಲ್ಲಿಸಿಬಿಟ್ಟರು. ಹಾಗಾಗಿ ಸಿಪಾಯಿಗಳು ನನ್ನ ಅಡುಗೆಮನೆಗೆ ಬಂದರು.

ಮೊದಲ ಪ್ರಯತ್ನ ಅವರದ್ದೇ. ಒಣಬಟಾಣಿಯನ್ನು ಹುರಿಯದೆ, ಬೇಯಿಸದೆ ಹಾಗೇ ನನ್ನ ಮಿಕ್ಸಿಯಲ್ಲಿ ಬೀಸಿ ಕೊಂಡೊಯ್ದರು. ಸೋಮವಾರ ಮುಖ ಸಪ್ಪೆ. ಹತ್ತು ನಿಮಿಷ ಕುದಿಸಿದರೂ ಹಸಿವಾಸನೆ ಹೋಗಲಿಲ್ಲವಂತೆ. ಹೋಗುವುದು ಹೇಗೆ, ಹಸಿ ಕಡಲೆಹಿಟ್ಟನ್ನು ನೀರಲ್ಲಿ ಕದಡಿ ಕುಡಿದ ಹಾಗೆ ಅಲ್ವಾ?

ಮುಂದಿನ ಶನಿವಾರ ನಾನು ಬಟಾಣಿಯನ್ನು ಕಬ್ಬಿಣದ ಬಾಣಲೆಯಲ್ಲಿ ಹದವಾಗಿ ಹುರಿದು ಬೀಸಿದೆ. ವಿಡಿಯೋ ಕಾಲ್‌ನಲ್ಲಿದ್ದ ಅಮ್ಮ, "ಏನೋ ಇದು, ಹುರಿಹಿಟ್ಟು ಮಾಡ್ತಿದ್ದೀಯಾ?" ಅಂದರು. ಹೌದು, ಅದೇ ಲೆಕ್ಕ. ಮೀಸೆಯವರು ಮೂಸಿ ನೋಡಿ, "ಘಮ ಜಾಸ್ತಿಯಾಯಿತು, ಇದು ನಮ್ಮ ಸೂಪಿನ ವಾಸನೆ ಅಲ್ಲ" ಅಂದರು. ಅಜ್ಜಿ ಮನೆಯಲ್ಲಿ ಚಿಕ್ಕಂದಿನಲ್ಲಿ ಕುಡಿದ ನೆನಪಿತ್ತು ಅವರಿಗೆ. ನಾಲಿಗೆಯ ಸಾಕ್ಷಿಗೆ ಎದುರಾಡುವ ಹಾಗಿಲ್ಲ.

ಮೂರನೇ ಸಲ ಬಟಾಣಿ ಬೇಳೆಯನ್ನು ಕುಕ್ಕರ್‌ನಲ್ಲಿ ಎರಡು ವಿಶಲ್ ಕೂಗಿಸಿದೆ. ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಓವನ್‌ನಲ್ಲಿ 70 ಡಿಗ್ರಿಯಲ್ಲಿ ಇಡೀ ಮಧ್ಯಾಹ್ನ ಒಣಗಿಸಿ, ಗರಿಗರಿಯಾದ ಮೇಲೆ ಬೀಸಿದೆ. ಬಾಯಿಗೆ ಹಾಕಿಕೊಂಡರೆ ಹಸಿ ಇಲ್ಲ, ಹುರಿದ ಘಮವೂ ಇಲ್ಲ. ಮೀಸೆಯವರು ಮಾತಾಡದೆ ತಲೆ ಆಡಿಸಿದರು. ಕುಕ್ಕರ್ ವಿಷಯ ಗುಂಪಿನಲ್ಲಿ ಹೇಳಬಾರದೆಂದು ಒಪ್ಪಂದವಾಯಿತು.

ದನದ ಕೊಬ್ಬು ಕರಗಿಸುವ ಕೆಲಸ ಅವರ ಗ್ಯಾರೇಜಿನಲ್ಲೇ ಆಯಿತು. ನಾನು ಅದನ್ನು ತಿನ್ನುವುದಿಲ್ಲ, ಅವರೂ ಬಲವಂತ ಮಾಡಲಿಲ್ಲ. ನನ್ನ ಪಾಲಿಗೆ ಅದೇ ಹಿಟ್ಟಿಗೆ ತುಪ್ಪ, ಜೀರಿಗೆ, ಮೆಣಸು ಹಾಕಿ ಒಂದು ಸುರುಳಿ ಕಟ್ಟಿದೆ. ಫ್ರಿಜ್ಜಿನಿಂದ ತೆಗೆದಾಗ ಅವರದಕ್ಕಿಂತ ನನ್ನದೇ ಚೆನ್ನಾಗಿ ಕಾಣುತ್ತಿತ್ತು.

ಜುಲೈನ ಶಿಬಿರದಲ್ಲಿ ಬಣ್ಣ ಬಯಲಾಯಿತು. ಬಿಸಿಲಲ್ಲಿ ಎರಡು ತಾಸು ಚೀಲದಲ್ಲಿದ್ದ ನನ್ನ ಸುರುಳಿ ಮೆತ್ತಗಾಗಿ, ಕಾಗದದಿಂದ ತುಪ್ಪ ಒಸರಿ, ಅವರು ಕೈಯಲ್ಲಿ ಹೊಲಿದ ಬಟ್ಟೆಚೀಲದ ಮೇಲೆ ಅಂಗೈಯಗಲದ ಕಲೆ. ಅವರ ಸುರುಳಿಗಳು ಮಾತ್ರ ಸಾಬೂನಿನ ಹಾಗೆ ಗಟ್ಟಿಯಾಗಿದ್ದವು. ದನದ ಕೊಬ್ಬು ಕರಗಲು ತುಪ್ಪಕ್ಕಿಂತ ಹೆಚ್ಚು ಬಿಸಿ ಬೇಕು. ಬೆನ್ನಿನ ಮೇಲೆ ಹೊತ್ತು ನಡೆಯುವವನಿಗೆ ಯಾಕೆ ಆ ಕೊಬ್ಬೇ ಬೇಕಿತ್ತು ಅಂತ ಆಗ ಗೊತ್ತಾಯಿತು. ಕಲೆ ನೋಡಿದ ಮೀಸೆಯವರು ನನ್ನನ್ನೂ ನೋಡಿದರು. ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ನನ್ನ ಮಾನ ಉಳಿದದ್ದು ಒಲೆ ಮುಂದೆ. ಚಕ್ರದ ಮೇಲೆ ಎಳೆದೊಯ್ಯುವ ಅಡುಗೆಗಾಡಿ ಆ ಯುದ್ಧದ ಕಾಲಕ್ಕೆ ಇನ್ನೂ ಬಂದಿರಲಿಲ್ಲ. ಹಾಗಾಗಿ ತಂತಮ್ಮ ತಗಡಿನ ಡಬ್ಬಿಯಲ್ಲಿ ತಾವೇ ಬೇಯಿಸಬೇಕು. ಗುಂಪಿನ ಇಬ್ಬರು ಹುಡುಗರು ಕುದಿಯುವ ನೀರಿಗೆ ತುಂಡುಗಳನ್ನು ಹಾಗೇ ಎಸೆದರು. ಹೊರಗೆ ಲೋಳೆ, ಒಳಗೆ ಒಣಹಿಟ್ಟು, ಡಬ್ಬಿ ತುಂಬ ಗಂಟು. ರಾಗಿ ಅಂಬಲಿ ಕಾಯಿಸಿದವರು ಯಾರೂ ಈ ತಪ್ಪು ಮಾಡುವುದಿಲ್ಲ. ತುಂಡನ್ನು ಡಬ್ಬಿಯಲ್ಲಿ ಪುಡಿಮಾಡಿ, ಅಂಗೈಯಷ್ಟು ತಣ್ಣೀರು ಹಾಕಿ, ಬೆರಳಲ್ಲಿ ಮಸೆದು, ಗಂಟಿಲ್ಲದೆ ನುಣ್ಣಗಾದ ಮೇಲೆ ಉಳಿದ ನೀರು ಸುರಿದು ಬೆಂಕಿಗಿಟ್ಟು, ಕೈ ಬಿಡದೆ ತಿರುವಿದೆ. ಐದಾರು ನಿಮಿಷಕ್ಕೆ ತಿಳಿಹಳದಿ ಬಣ್ಣದ ಗಂಜಿ ಪ್ಲಪ್ ಪ್ಲಪ್ ಅನ್ನತೊಡಗಿತು. ಹುಡುಗರು ಮೊಬೈಲ್ ತೆಗೆದು ವಿಡಿಯೋ ಮಾಡಿಕೊಂಡರು. "1870ರಲ್ಲಿ ಮೊಬೈಲ್ ಇರಲಿಲ್ಲ!" ಅಂತ ಯಾರೋ ಹಿಂದಿನಿಂದ ಕೂಗಿದರು.

ಪಕ್ಕದಲ್ಲಿ ಚಿಕೋರಿ ಕಾಯುತ್ತಿತ್ತು. ಕಾಫಿ ಸಿಗದ ಕಾಲದ ಬಡವರ ಪಾನೀಯ ಅಂತ ಅವರ ಮಾತಿನಲ್ಲೇ ಒಂದು ತಾತ್ಸಾರ. ನಮ್ಮ ಕಡೆ ಒಳ್ಳೆ ಕಾಫಿಪುಡಿಗೇ ಬೇಕೆಂದು ಚಿಕೋರಿ ಬೆರೆಸುತ್ತೇವೆ ಅಂದೆ. "ಯಾವ ಯುದ್ಧದಿಂದ?" ಅಂತ ಕೇಳಿದರು.

ಸಂಜೆ ಜನ ಕರಗಿದ ಮೇಲೆ ಮೀಸೆಯವರು ನನ್ನನ್ನು ಗುಡಾರದ ಹಿಂದಕ್ಕೆ ಕರೆದರು. ಕಲೆಯ ಬಗ್ಗೆ ಈಗ ಬೈಗುಳ ಶುರು ಅಂದುಕೊಂಡೆ. ಸುತ್ತ ಒಮ್ಮೆ ನೋಡಿ, ಖಾಲಿ ಡಬ್ಬಿ ಮುಂದೆ ಹಿಡಿದು, ದನಿ ತಗ್ಗಿಸಿ ಕೇಳಿದರು: "ಆ ಜೀರಿಗೆದು ಇನ್ನೂ ಸ್ವಲ್ಪ ಉಳಿದಿದೆಯಾ?"