ಇಂಟೀರಿಯರ್ ಕೆಲಸಕ್ಕೆ ಲೈಸೆನ್ಸ್ ಎಂತ ಬೇಕು?

ಮದುವೆ ಊಟದ ಪಂಕ್ತಿಯಲ್ಲಿ, ಮಂಗಳೂರಿನ ಕದ್ರಿ ಪಾರ್ಕಿನಲ್ಲಿ, ಪ್ಲೈವುಡ್ ಅಂಗಡಿಯ ಕೌಂಟರಿನಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ. "ಅಕ್ಕಾ, ಕೋರ್ಸ್ ಮುಗೀತು. ಸ್ವಂತ ಶುರು ಮಾಡ್ಬೇಕು ಅಂತ ಉಂಟು. ಲೈಸೆನ್ಸ್ ಎಂತ ಬೇಕು?" ಕೆಲವು ಸಲ ಕೇಳುವುದು ಹುಡುಗಿಯ ಅಪ್ಪ. ಅವರ ದನಿಯಲ್ಲಿ ಸ್ವಲ್ಪ ಹೆದರಿಕೆಯೂ ಇರುತ್ತದೆ.

ಈ ವೃತ್ತಿಗೆ ಅಂತಲೇ ಲೈಸೆನ್ಸ್ ಬೇಡ. ಇಷ್ಟು ಹೇಳಿ ಪಾಯಸಕ್ಕೆ ಕೈ ಹಾಕಬಹುದು. ನಾನು ಹಾಕುವುದಿಲ್ಲ, ಅದಕ್ಕೇ ಪಾಯಸ ಆರಿ ಹೋಗುತ್ತದೆ.

ವಕೀಲರಿಗೆ ಬಾರ್ ಕೌನ್ಸಿಲ್ ಇದೆ. ಆರ್ಕಿಟೆಕ್ಟುಗಳಿಗೆ 1972ರ ಕಾಯ್ದೆ ಇದೆ, ಕೌನ್ಸಿಲ್ ಇದೆ. ನಮ್ಮಂಥ ಇಂಟೀರಿಯರ್ ಡಿಸೈನರುಗಳಿಗೆ ಅಂಥದ್ದು ಯಾವುದೂ ಇಲ್ಲ. ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಇಂಟೀರಿಯರ್ ಡಿಸೈನರ್ಸ್ ಎಂಬ ಸಂಸ್ಥೆಯೂ 1972ರದ್ದೇ. ಸೇರಿದರೆ ಒಳ್ಳೆಯದು, ಸೇರದಿದ್ದರೆ ಕೆಲಸ ನಿಲ್ಲುವುದಿಲ್ಲ. ಒಂದೇ ಎಚ್ಚರಿಕೆ: ಕೌನ್ಸಿಲಿನಲ್ಲಿ ನೋಂದಣಿ ಇಲ್ಲದೆ ಬೋರ್ಡಿನಲ್ಲಿ 'ಆರ್ಕಿಟೆಕ್ಟ್' ಅಂತ ಬರೆಸಬೇಡಿ. ಆ ಕಾಯ್ದೆಯ 37ನೇ ಸೆಕ್ಷನ್ ತಡೆಯುವುದು ಆ ಹೆಸರನ್ನು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸುಮ್ನೆ ದೊಡ್ಡದಾಗಿ ಕಾಣಲಿ ಅಂತ 'ಆರ್ಕಿಟೆಕ್ಟ್ಸ್ ಆಂಡ್ ಇಂಟೀರಿಯರ್ಸ್' ಎಂದು ಹಾಕಿಕೊಂಡವರನ್ನು ನೋಡಿದ್ದೇನೆ.

ಆಫೀಸು ತೆರೆದರೆ ಪಾಲಿಕೆಯಿಂದಲೋ ನಗರಸಭೆಯಿಂದಲೋ ಉದ್ದಿಮೆ ಪರವಾನಗಿ ಬೇಕು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ನೋಂದಣಿ ಬೇಕು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇದೆ, ಮಾಡಿಸಿಕೊಳ್ಳಿ, ಅದು ಪುಕ್ಕಟೆ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ. ಇವೆಲ್ಲ ಒಂದು ವಾರದ ಓಡಾಟ, ದೊಡ್ಡ ಮಾತಲ್ಲ.

ದೊಡ್ಡ ಮಾತು ಬೇರೆಯೇ ಇದೆ. ಅದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ನಾನೇ ಕೇಳುತ್ತೇನೆ. "ನೀನು ಬರೀ ಡ್ರಾಯಿಂಗ್ ಕೊಡುವವಳಾ, ಕೆಲಸ ಮುಗಿಸಿ ಕೀಲಿಕೈ ಕೊಡುವವಳಾ?"

ನನಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಶುರುವಿನ ವರ್ಷಗಳಲ್ಲಿ ಬಿಜೈ ಕಡೆಯ ಒಂದು ಫ್ಲ್ಯಾಟ್ ಸಿಕ್ಕಿತು. ಯಜಮಾನರು ದುಬೈಯಲ್ಲಿ. ನಾನು ಡ್ರಾಯಿಂಗ್ ಮಾಡಿ ಫೀಸ್ ತೆಗೆದುಕೊಂಡೆ. ಆಮೇಲೆ ಫೋನ್ ಬಂತು. "ನಾನು ಇಲ್ಲಿ ಕೂತು ಎಂತ ನೋಡ್ಲಿಕ್ಕೆ ಆಗ್ತದೆ? ನೀವೇ ಮಾಡಿಸಿ ಕೊಡಿ ಮಾರಾಯ್ರೆ, ದುಡ್ಡು ಕಳಿಸ್ತೇನೆ." ಕಳಿಸಿದರು, ನನ್ನ ಖಾತೆಗೆ. ನಾನು ಅಲ್ಲಿಂದ ಮರದ ಕೆಲಸದ ಆಚಾರಿಗೆ, ಪೈಂಟರಿಗೆ, ಎಲೆಕ್ಟ್ರಿಷಿಯನ್‌ಗೆ ಹಂಚಿದೆ. ಆಚಾರಿ ಯಜಮಾನರೇ ಗೊತ್ತು ಮಾಡಿದವನು. ಪ್ಲೈ ತಂದದ್ದೂ ಅವನೇ. ಕಾಗದ ಒಂದೂ ಇರಲಿಲ್ಲ.

ಜೂನ್ ಬಂತು. ನಮ್ಮ ಕರಾವಳಿಯ ಜೂನ್ ಹೇಗೆ ಅಂತ ಹೇಳಬೇಕಾಗಿಲ್ಲ, ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಸಿಂಕಿನ ಕೆಳಗಿನ ಬಾಗಿಲುಗಳು ಉಬ್ಬಿ ಮುಚ್ಚದಾದವು. ಹಾಕಿದ್ದು ನೀರು ತಾಳುವ, ಐಎಸ್ (ಭಾರತೀಯ ಮಾನಕ) 710ರ ಮೆರೈನ್ ಪ್ಲೈ ಅಲ್ಲ, ಸಾದಾ ಪ್ಲೈ. "ಆಚಾರಿ ನಿಮ್ಮವನು, ನಾನು ಡಿಸೈನ್ ಮಾತ್ರ ಮಾಡಿದ್ದು" ಅಂದೆ. "ದುಡ್ಡು ನಿಮ್ಮ ಖಾತೆಗೆ ಹಾಕಿದ್ದಲ್ವಾ?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ನನಗೆ ಗೊತ್ತಿಲ್ಲದೆಯೇ ನಾನು ಗುತ್ತಿಗೆದಾರಳಾಗಿದ್ದೆ. ಬಾಗಿಲುಗಳನ್ನು ನನ್ನ ಖರ್ಚಿನಲ್ಲಿ ಬದಲಿಸಿದೆ. ಕೊನೆಯ ಕಂತು 68 ಸಾವಿರ ಬರಲೇ ಇಲ್ಲ.

ಎರಡರಲ್ಲಿ ಯಾವುದು ಸರಿ ಅಂತಲ್ಲ. ಎರಡೂ ಮರ್ಯಾದೆಯ ಕೆಲಸಗಳೇ. ಆದರೆ ಕಾನೂನು ಮತ್ತು ತೆರಿಗೆ ಇವನ್ನು ಬೇರೆ ಬೇರೆ ಕಣ್ಣಿನಿಂದ ನೋಡುತ್ತವೆ.

ಬರೀ ಡಿಸೈನ್ ಕೊಟ್ಟರೆ ಅದು ವೃತ್ತಿ. ಆದಾಯ ತೆರಿಗೆಯವರು ಇಂಟೀರಿಯರ್ ಡೆಕೊರೇಷನ್ನನ್ನು ಡಾಕ್ಟರು, ವಕೀಲರ ಸಾಲಿನಲ್ಲೇ ಹೆಸರು ಹಿಡಿದು ಸೇರಿಸಿದ್ದಾರೆ. ಕಂಪನಿಯೊಂದು ನಿಮಗೆ ವರ್ಷಕ್ಕೆ 50 ಸಾವಿರಕ್ಕಿಂತ ಜಾಸ್ತಿ ಫೀಸ್ ಕೊಟ್ಟರೆ 10% ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತದೆ. ವರ್ಷದ ಫೀಸ್ 50 ಲಕ್ಷದೊಳಗಿದ್ದರೆ, ಅದರ ಅರ್ಧವನ್ನು ಆದಾಯ ಅಂತ ತೋರಿಸಿ ಲೆಕ್ಕಪುಸ್ತಕದ ತಲೆಬಿಸಿ ಇಲ್ಲದೆ ತೆರಿಗೆ ಕಟ್ಟುವ ದಾರಿಯೂ ಇದೆ. ಮಾಡಿ ಮುಗಿಸಿ ಕೊಡುವ ಟರ್ನ್‌ಕೀ ಕೆಲಸವಾದರೆ ಅದು ಗುತ್ತಿಗೆ. ನೀವು ಒಬ್ಬರೇ ನಡೆಸುವುದಾದರೆ ಟಿಡಿಎಸ್ 1%.

ಜಿಎಸ್‌ಟಿಯಲ್ಲಂತೂ ಹೊಸಬರು ಬೀಳುವುದು ಇಲ್ಲೇ. ಸೇವೆಗೆ ನೋಂದಣಿ ಬೇಕಾಗುವುದು ವರ್ಷದ ವಹಿವಾಟು 20 ಲಕ್ಷ ದಾಟಿದಾಗ. ಡ್ರಾಯಿಂಗ್ ಮಾತ್ರ ಕೊಡುವವರಿಗೆ ಅಷ್ಟಾಗಲು ವರ್ಷಗಳೇ ಬೇಕು. ಟರ್ನ್‌ಕೀ ಆದರೆ ಪ್ಲೈ, ಲ್ಯಾಮಿನೇಟ್, ಹಿಂಜು, ಕೂಲಿ ಎಲ್ಲ ನಿಮ್ಮ ಬಿಲ್ಲಿನಲ್ಲೇ ಬರುತ್ತದೆ. 12 ಲಕ್ಷದ ಎರಡು ಫ್ಲ್ಯಾಟ್ ಮುಗಿಸಿದರೆ ಆಯಿತು, ನಿಮ್ಮ ಕೈಯಲ್ಲಿ ಉಳಿದದ್ದು ಎರಡು ಲಕ್ಷವೇ ಇದ್ದರೂ ಮಿತಿ ದಾಟಿದಿರಿ. ತೆರಿಗೆ 18%. ನೋಂದಣಿ ಆದ ಮೇಲೆ ಕೊಟೇಶನ್ನಿನಲ್ಲಿ 'ಜಿಎಸ್‌ಟಿ ಪ್ರತ್ಯೇಕ' ಎಂಬ ಎರಡು ಪದ ಮರೆತು ನೋಡಿ, ಅದು ನಿಮ್ಮ ಲಾಭವನ್ನೇ ನುಂಗುತ್ತದೆ.

ಇನ್ನು ನಮ್ಮ ಊರಿನದ್ದೇ ಒಂದು ಗೊಂದಲ. "ಪಾರ್ಟಿ ಗಲ್ಫಿನವರು, ಹೊರದೇಶದಿಂದ ದುಡ್ಡು ಬರ್ತದೆ, ಹಾಗಾಗಿ ಎಕ್ಸ್‌ಪೋರ್ಟ್, ಜಿಎಸ್‌ಟಿ ಇಲ್ಲ" ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ತಪ್ಪು. ಮನೆಗೆ ಅಂಟಿದ ಸೇವೆಗೆ ಮನೆ ಎಲ್ಲಿದೆ ಅನ್ನುವುದೇ ಲೆಕ್ಕ. ಜಿಎಸ್‌ಟಿ ಕಾನೂನಿನಲ್ಲಿ ಇಂಟೀರಿಯರ್ ಡೆಕೊರೇಟರ್ ಎಂಬ ಹೆಸರೇ ಇದೆ. ಯಜಮಾನರು ಅಬುಧಾಬಿಯಲ್ಲಿದ್ದರೂ ಫ್ಲ್ಯಾಟ್ ಮಣಿಪಾಲದಲ್ಲಿದ್ದರೆ ತೆರಿಗೆ ಇಲ್ಲಿಯದೇ. ತಲಪಾಡಿ ದಾಟಿ ಕಾಸರಗೋಡಿನ ಮನೆ ಮಾಡಿದರೆ ಅದು ಹೊರರಾಜ್ಯದ ಕೆಲಸ, ಐಜಿಎಸ್‌ಟಿ, ಅಂದರೆ ರಾಜ್ಯ ರಾಜ್ಯಗಳ ನಡುವಿನ ಜಿಎಸ್‌ಟಿ. ಮತ್ತೆ, ಒಂದೇ ಕೆಲಸಕ್ಕೆ ಎರಡು ಲಕ್ಷ ಅಥವಾ ಜಾಸ್ತಿ ನಗದು ತೆಗೆದುಕೊಳ್ಳಬೇಡಿ. ಅಷ್ಟೇ ಮೊತ್ತದ ದಂಡ ಬೀಳುವುದು ಕೊಟ್ಟವರಿಗಲ್ಲ, ತೆಗೆದುಕೊಂಡವರಿಗೆ.

ಕಮಿಷನ್ ಬಗ್ಗೆ ಹೇಳದೆ ಮುಂದೆ ಹೋದರೆ ಅಪ್ರಾಮಾಣಿಕತೆ ಆದೀತು. ಟೈಲ್ಸ್ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಲೈಟಿನ ಅಂಗಡಿಗಳಲ್ಲಿ ಕೊಡುವವರು ಇದ್ದಾರೆ. ನೀವು ಕೇಳಬೇಕಾಗಿಯೂ ಇಲ್ಲ, ಕವರು ತಾನಾಗಿ ಬರುತ್ತದೆ. ಗುತ್ತಿಗೆದಾರರಾಗಿ, ಇಷ್ಟಕ್ಕೆ ಮಾಡಿಕೊಡುತ್ತೇನೆ ಎಂದು ಒಟ್ಟು ರೇಟು ಹೇಳಿದ್ದರೆ, ಅಂಗಡಿಯಲ್ಲಿ ಸಿಕ್ಕ ರಿಯಾಯಿತಿ ನಿಮ್ಮ ವ್ಯಾಪಾರದ ಜಾಣತನ. ಆದರೆ ಡಿಸೈನರ್ ಆಗಿ ಫೀಸ್ ತೆಗೆದುಕೊಂಡು, ಕ್ಲೈಂಟಿನ ದುಡ್ಡಿನಲ್ಲಿ ಕ್ಲೈಂಟಿನ ಪರವಾಗಿ ಸಾಮಾನು ಆರಿಸಿದರೆ? ಆಗ ನೀವು ಅವರ ಏಜೆಂಟ್. ಏಜೆಂಟ್ ಗುಟ್ಟಾಗಿ ಲಾಭ ಮಾಡಿಕೊಳ್ಳುವ ಹಾಗಿಲ್ಲ ಎನ್ನುವುದು 1872ರ ಕರಾರು ಕಾಯ್ದೆಯಷ್ಟು ಹಳೆಯ ಮಾತು. ನಾನು ಅಂಗಡಿಯವರಿಗೆ "ಅದನ್ನು ಬಿಲ್ಲಿನಲ್ಲೇ ಕಡಿಮೆ ಮಾಡಿ" ಅನ್ನುತ್ತೇನೆ. ಮೊದಲೆರಡು ವರ್ಷ ನಕ್ಕರು. ನನ್ನ ಫೀಸ್ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಇರುವುದಕ್ಕೂ ಇದೇ ಕಾರಣ, ಅದನ್ನು ಕ್ಲೈಂಟಿಗೆ ಬಾಯಿ ಬಿಟ್ಟೇ ಹೇಳುತ್ತೇನೆ. ಹಾಗೆ ಹೇಳಿ ಕೆಲವು ಕೆಲಸ ಕಳೆದುಕೊಂಡದ್ದೂ ಉಂಟು.

ಹಾಗಾದರೆ ಕಾಗದದಲ್ಲಿ ಎಂತ ಬರೆಯಬೇಕು? ಬಾಯಿಮಾತಿನ ಕರಾರಿಗೂ ಕಾನೂನಿನಲ್ಲಿ ಬೆಲೆ ಇದೆ. ಆದರೆ ಅದನ್ನು ಸಾಬೀತು ಮಾಡುವವರು ಯಾರು? "ನಮ್ಮವರೇ ಅಲ್ವಾ, ಕಾಗದ ಎಂತಕ್ಕೆ" ಅನ್ನುವವರ ಹತ್ತಿರವೇ ಮೊದಲು ಸಹಿ ಹಾಕಿಸಿ. ನನ್ನ ಕರಾರು ನಾಲ್ಕು ಪುಟ. ಮೊದಲ ಸಾಲಿನಲ್ಲೇ ನಾನು ಡಿಸೈನರೋ ಗುತ್ತಿಗೆದಾರಳೋ ಎಂಬುದು ಬರುತ್ತದೆ. ಡಿಸೈನರ್ ಆದರೆ ಎಷ್ಟು ಡ್ರಾಯಿಂಗ್, ಎಷ್ಟು ಸಲ ತಿದ್ದುಪಡಿ, ತಿಂಗಳಿಗೆ ಎಷ್ಟು ಸಲ ಸೈಟಿಗೆ ಬರುತ್ತೇನೆ. ಆಚಾರಿಯ ದುಡ್ಡು ನನ್ನ ಖಾತೆಗೆ ಬರಕೂಡದು ಅಂತಲೂ ಬರೆದಿರುತ್ತೇನೆ. ಗುತ್ತಿಗೆ ಆದರೆ ಪ್ಲೈಯ ಐಎಸ್ ನಂಬರು, ಕಂಪನಿಯ ಹೆಸರು, ಹಿಂಜಿನ ಹೆಸರು ಎಲ್ಲ. ಮಧ್ಯದಲ್ಲಿ "ಇಲ್ಲೊಂದು ಶೆಲ್ಫ್ ಬರ್ಲಿ" ಅಂದರೆ ಅದಕ್ಕೆ ಬೇರೆ ರೇಟು, ವಾಟ್ಸಾಪಿನಲ್ಲಿ ಕ್ಲೈಂಟಿನ 'ಓಕೆ' ಬಂದ ಮೇಲೆಯೇ ಕೆಲಸ.

ಕಂತುಗಳನ್ನು ತಾರೀಕಿಗೆ ಕಟ್ಟಬೇಡಿ, ಕೆಲಸದ ಹಂತಕ್ಕೆ ಕಟ್ಟಿ. ಕೊನೆಯ ಕಂತು ಚಿಕ್ಕದಿರಲಿ. ಇಲ್ಲಿ ಎಲ್ಲರಿಗೂ ಶುಭಕಾರ್ಯ ಮಾಡದ ಆಟಿ ತಿಂಗಳ ಮೊದಲೇ ಒಕ್ಕಲು, ಅಂದರೆ ಗೃಹಪ್ರವೇಶ, ಆಗಬೇಕು. ಒಕ್ಕಲು ಆಯಿತೋ, ಹೋಳಿಗೆ ಊಟ ಆಯಿತೋ, ಡಿಸೈನರಿನ ಫೋನ್ ಎತ್ತುವವರಿಲ್ಲ.

ಗುತ್ತಿಗೆ ಹಿಡಿದರೆ ಇನ್ನೊಂದು ಖರ್ಚನ್ನು ಮರೆಯಬೇಡಿ. ನೀವು ಒಳಗುತ್ತಿಗೆ ಕೊಟ್ಟ ಮೇಸ್ತ್ರಿಯ ಹುಡುಗ ಫಾಲ್ಸ್ ಸೀಲಿಂಗ್ ಹಾಕುವಾಗ ಬಿದ್ದರೆ, ಪರಿಹಾರದ ಹೊಣೆ ನಿಮ್ಮ ತನಕ ಬರುತ್ತದೆ. ಅದಕ್ಕೆ ವಿಮೆ ಸಿಗುತ್ತದೆ, ಮಾಡಿಸಿ. ಕೆಲಸ ಕೆಟ್ಟರೆ ಕ್ಲೈಂಟ್ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅಲ್ಲಿ ಮೊದಲು ಕೇಳುವುದೂ ಅದೇ ನಾಲ್ಕು ಪುಟವನ್ನು.

ಡ್ರಾಯಿಂಗ್ ಯಾರದ್ದು ಅಂತಲೂ ಬರೆದಿಡಿ. ನೀವು ಸ್ವತಂತ್ರವಾಗಿ ಮಾಡಿದ ಡ್ರಾಯಿಂಗಿನ ಹಕ್ಕು ನಿಮ್ಮದೇ, ಬರೆದು ಸಹಿ ಹಾಕಿ ಕೊಡುವ ತನಕ. ಬಿಲ್ಡರ್ ಒಬ್ಬರು ಮಾದರಿ ಫ್ಲ್ಯಾಟಿಗೆ ಅಂತ ಡಿಸೈನ್ ಮಾಡಿಸಿ ಅದನ್ನೇ ಉಳಿದ ಫ್ಲ್ಯಾಟುಗಳಿಗೂ ಹಾಕಿಸಿದರೆ, ಕೇಳುವ ಹಕ್ಕು ನಿಮಗಿದೆ.

ಆ 68 ಸಾವಿರದ ಕಥೆ ಏನಾಯಿತು ಅಂತ ಕೇಳಬಹುದು. ಬಾಕಿ ವಸೂಲಿಗೆ ದಾವೆ ಹಾಕಲು ಮೂರು ವರ್ಷದ ಮಿತಿ ಇದೆ. ಇವತ್ತು ಕೊಡುತ್ತಾರೆ, ನಾಳೆ ಕೊಡುತ್ತಾರೆ ಅಂತ ಕಾದು ಅದನ್ನೂ ದಾಟಿಸಿಕೊಂಡೆ. ಆ ಫ್ಲ್ಯಾಟಿನ ದಂಪತಿ ಈಗಲೂ ಮದುವೆಗಳಲ್ಲಿ ಸಿಗುತ್ತಾರೆ. ಹೋದ ಸಲ ಸಿಕ್ಕಾಗ ಜೊತೆಗೆ ಅವರ ಮಗಳೂ ಇದ್ದಳು. ಇಂಟೀರಿಯರ್ ಕೋರ್ಸ್ ಮುಗಿಸಿದ್ದಾಳಂತೆ. "ಅಕ್ಕಾ, ಲೈಸೆನ್ಸ್ ಎಂತ ಬೇಕು?" ಅಂದಳು.